ಕಪಾಟಿನ ಪುಟ

ನನ್ನ ಅಕ್ಕ ಮಕ್ಕಳಿಗಾಗಿ ಹದಿನೇಳು ಪುಸ್ತಕ ಬರೆದಿದ್ದಾಳೆ. ಅವಳಷ್ಟು ಪುಕ್ಕಲು ಮನುಷ್ಯರನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಅವಳ ಕಥೆಗಳಲ್ಲಿ ಹುಡುಗಿಯರು ಗಾಳಿಪಟದ ಹಿಂದೆ ಊರು ದಾಟುತ್ತಾರೆ, ಗೂಬೆಯ ಜೊತೆ ಜಗಳವಾಡುತ್ತಾರೆ. ಇವಳು ಮಾತ್ರ ರಸ್ತೆ ದಾಟುವಾಗ ಇವತ್ತಿಗೂ ನನ್ನ ಕೈ ಹಿಡಿದುಕೊಳ್ಳುತ್ತಾಳೆ. ಸ್ಟೂಲು ಹತ್ತಿ ಬಲ್ಬು ಬದಲಾಯಿಸುವ ಕೆಲಸ ನಮ್ಮ ಮನೆಯಲ್ಲಿ ಯಾವಾಗಲೂ ನನ್ನದೇ.

ಇಪ್ಪತ್ತಾರು ವರ್ಷ ಅವಳು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಗುಮಾಸ್ತೆಯಾಗಿದ್ದಳು. ನಲ್ಲಿ ಸೋರುತ್ತದೆ, ನೀರಿಗೆ ತುಕ್ಕಿನ ವಾಸನೆ, ಮೀಟರು ಸುಳ್ಳು ಹೇಳುತ್ತದೆ ಎಂದು ದಿನವಿಡೀ ಬರೆದುಕೊಳ್ಳುವುದು. ಒಮ್ಮೆ ಒಬ್ಬ ಅಜ್ಜಿ ಬಂದು, "ನಮ್ಮನೆ ನಲ್ಲಿ ಅಳುತ್ತೆ ಕಣಮ್ಮ, ಅದನ್ನ ಯಾರೂ ಕೇಳಿಸ್ಕೊಳ್ಳೋರಿಲ್ಲ" ಎಂದಳಂತೆ. ಅಕ್ಕ ಅದನ್ನು ದೂರಿನ ಪುಸ್ತಕದಲ್ಲೂ ಬರೆದಳು, ಊಟದ ಬಿಡುವಿನಲ್ಲಿ ಬೇರೆ ಹಾಳೆಯ ಮೇಲೂ ಬರೆದಳು. ಆ ಹಾಳೆಗಳೇ ಅವಳ ಮೊದಲ ಪುಸ್ತಕವಾದವು. ಆಗ ಅವಳಿಗೆ ಮೂವತ್ತೆಂಟು ವರ್ಷ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಪುಸ್ತಕ ಮಾಡುವ ಒಬ್ಬ ಪ್ರಕಾಶಕರು ಅದನ್ನು ತಂದರು. ಅಕ್ಕನ ಕೈಬರಹ ಕಾಗೆ ಕಾಲು, ಗುಬ್ಬಿ ಕಾಲು. ಅದನ್ನು ಟೈಪು ಮಾಡುವ ಕರ್ಮ ಅಂದಿನಿಂದ ನನ್ನ ಪಾಲಿಗೆ ಬಂತು.

ಅವಳ ಕೆಲಸದ ಕ್ರಮ ಹೀಗಿತ್ತು. ಬರೆದ ಕಥೆಯನ್ನು ಮೊದಲು ದೊಡ್ಡವರಿಗೆ ತೋರಿಸುತ್ತಿರಲಿಲ್ಲ. ಶನಿವಾರ ಮಧ್ಯಾಹ್ನ ಗ್ರಂಥಾಲಯದ ಮಕ್ಕಳ ಕೋಣೆಯಲ್ಲಿ ಏಳೆಂಟು ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿಕೊಂಡು ಕೈಬರಹದಿಂದಲೇ ಓದುತ್ತಿದ್ದಳು. ಜಡೆಗೆ ಸಿಕ್ಕಿಸಿಕೊಂಡ ಪೆನ್ಸಿಲ್ ತೆಗೆದು, ಮಕ್ಕಳು ಮೊಣಕಾಲು ಕೆರೆದುಕೊಂಡ ಕಡೆ ಅಂಚಿನಲ್ಲಿ ಒಂದು ಗೀಟು, ಮೈಯೆಲ್ಲಾ ಕಿವಿಯಾದ ಕಡೆ ಒಂದು ಸೊನ್ನೆ. ಮಕ್ಕಳು ಅವಳನ್ನು ಪೆನ್ಸಿಲ್ ಆಂಟಿ ಎನ್ನುತ್ತಿದ್ದರು. ಪ್ರಶ್ನೆಗಳೆಲ್ಲ ಕಥೆ ಮುಗಿದ ಮೇಲೆ ಎನ್ನುವುದು ಅವಳ ಕಟ್ಟಪ್ಪಣೆ. ಒಳ್ಳೆಯ ಪ್ರಶ್ನೆ ಕೇಳಿದವರಿಗೆ ಒಂದು ಹೊಸ ಪೆನ್ಸಿಲ್ ಸಿಗುತ್ತಿತ್ತು. ಆಮೇಲೆ ಮನೆಗೆ ಬಂದು ಗೀಟು ಬಿದ್ದ ಕಡೆಯೆಲ್ಲ ತಿದ್ದಿ ಬರೆಯುತ್ತಿದ್ದಳು. ಹಳೆಯ ಹಾಳೆಗಳನ್ನು ನಾಲ್ಕಾಗಿ ಹರಿದರೆ ನಮ್ಮ ಅಡುಗೆಮನೆಯ ಸಾಮಾನಿನ ಚೀಟಿಗೆ ಆಗುತ್ತಿತ್ತು.

ನಾಲ್ಕನೆಯ ಪುಸ್ತಕ ಬಂದ ಮೇಲೆ ಒಬ್ಬ ತಾಯಿಯಿಂದ ಕಾಗದ ಬಂತು. ಕಥೆಯ ಬೆಕ್ಕು ಕಾಂಪೌಂಡ್ ಗೋಡೆಯ ಮೇಲೆ ಕಣ್ಣುಮುಚ್ಚಿ ನಡೆದಿತ್ತು. ಆಕೆಯ ಮಗನೂ ಹಾಗೇ ನಡೆಯಲು ಹೋಗಿ ಕೈ ಮುರಿದುಕೊಂಡಿದ್ದ. ಅಕ್ಕ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಅಲ್ಲಿಂದ ನನಗೆ ಹೊಸ ಕೆಲಸವೊಂದು ಗಂಟುಬಿತ್ತು. ಟೈಪು ಮಾಡುವ ಮುಂಚೆ ಪ್ರತಿ ಪುಟದಲ್ಲೂ ಅಪಾಯ ಹುಡುಕಬೇಕು. ಬೆಂಕಿಕಡ್ಡಿ, ಬಾವಿ, ಮಾತ್ರೆ, ಮಹಡಿಯ ಅಂಚು ಎಲ್ಲವನ್ನೂ ಪಟ್ಟಿ ಮಾಡಿ ಕೊಟ್ಟರೆ ಅವಳು ಅವನ್ನೆಲ್ಲ ತೆಗೆದುಹಾಕುತ್ತಿದ್ದಳು. "ಹಿಂಗೇ ಆದ್ರೆ ಕೊನೆಗೆ ನಿನ್ನ ಕಥೇಲಿ ದಿಂಬು ಒಂದೇ ಉಳಿಯೋದು" ಎಂದು ನಾನು ರೇಗಿಸುತ್ತಿದ್ದೆ. "ದಿಂಬೂ ಬೇಡ, ಉಸಿರು ಕಟ್ಟುತ್ತೆ" ಎನ್ನುತ್ತಿದ್ದಳು. ತಮಾಷೆಗಲ್ಲ, ನಿಜವಾಗಿಯೂ.

ಹದಿಮೂರನೆಯ ಪುಸ್ತಕ, ಒಂಬತ್ತು ಜನರ ಮನೆಯಲ್ಲಿ ಯಾರ ಕಣ್ಣಿಗೂ ಬೀಳದ ಒಂದು ಪುಟ್ಟ ಹುಡುಗಿಯ ಕಥೆ. ಅವಳು ಸಿಟ್ಟಿನಿಂದ "ಎಣಿಸಿ ನೋಡಿ, ಒಬ್ಬರು ಕಮ್ಮಿ" ಎಂದು ಚೀಟಿ ಬರೆದಿಟ್ಟು ಬಚ್ಚಿಟ್ಟುಕೊಳ್ಳುತ್ತಾಳೆ. ಮನೆಯವರು ಎಣಿಸುತ್ತಾರೆ, ಎಂಟೇ ಬರುತ್ತದೆ, ಆಗ ಹುಡುಕಾಟ ಶುರು. ಅಕ್ಕ ಮಕ್ಕಳಿಗೆ ಓದಿದ ಕೈಬರಹದಲ್ಲಿ ಆ ಹುಡುಗಿ ಅಡಗಿದ್ದು ಗ್ರಂಥಾಲಯದ ನೆಲಮಾಳಿಗೆಯ ಕಬ್ಬಿಣದ ಕಪಾಟಿನಲ್ಲಿ. ಹಾಗೆ ಬರೆಯಲು ಕಾರಣವಿತ್ತು. ಮಕ್ಕಳ ಕೋಣೆಯ ಕೆಳಗೇ, ಹಳೆಯ ಪತ್ರಿಕೆಗಳ ಕಟ್ಟು ಇಡುವ ಅಂಥ ಕಪಾಟುಗಳ ಸಾಲೇ ಇತ್ತು. ಆ ಶನಿವಾರ ಚಾಪೆಯ ಮೇಲೆ ಎಂಟು ಮಕ್ಕಳಿದ್ದರು. ಏಳು ಜನ ಖಾಯಂ ಗಿರಾಕಿಗಳು. ಎಂಟನೆಯವಳು ಹಸಿರು ಸ್ವೆಟರ್ ಹಾಕಿಕೊಂಡು ಕಿಟಕಿಯ ಪಕ್ಕ ಕೂತಿದ್ದ ಯಾರದೋ ನೆಂಟರ ಹುಡುಗಿ. ಕಪಾಟಿನ ಪುಟ ಓದುವಾಗ ಒಂದು ಮಗುವೂ ಮೊಣಕಾಲು ಕೆರೆದುಕೊಳ್ಳಲಿಲ್ಲ. ಅಕ್ಕ ಅಂಚಿನಲ್ಲಿ ಇಷ್ಟು ದೊಡ್ಡ ಸೊನ್ನೆ ಹಾಕಿಕೊಂಡು ಬಂದಳು.

ನಾನು ಆ ಸೊನ್ನೆಯ ಪಕ್ಕದಲ್ಲೇ ಬರೆದೆ: ಕಪಾಟು, ಗಾಳಿ ಇಲ್ಲ, ಚಿಲಕ ಹೊರಗೆ. ಅವತ್ತೇ ಪುಟ ಬದಲಾಯಿತು. ಅಚ್ಚಾದ ಪುಸ್ತಕದಲ್ಲಿ ಹುಡುಗಿ ಅಡಗುವುದು ಶಾಲೆಯ ವೇದಿಕೆಯ ಕೆಳಗೆ, ನಾಲ್ಕೂ ಕಡೆ ಗಾಳಿ ಬೆಳಕು ಇರುವ ಜಾಗದಲ್ಲಿ. ಕಪಾಟಿನ ಪುಟ ನಾಲ್ಕು ಚೂರಾಗಿ ಉಪ್ಪು, ಸೋಪು, ಸಕ್ಕರೆಯ ಚೀಟಿಯಾಯಿತು. ನಾವಿಬ್ಬರೂ ದೊಡ್ಡ ಕೆಲಸ ಮಾಡಿದವರಂತೆ ಚಹಾ ಕುಡಿದೆವು. ಪುಸ್ತಕವನ್ನೇನೋ ತಿದ್ದಿದ್ದೆವು. ಕೇಳಿಸಿಕೊಂಡು ಹೋದ ಎಂಟು ಮಕ್ಕಳನ್ನು ತಿದ್ದಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಪುಸ್ತಕ ಬಂದು ತಿಂಗಳಾಗಿತ್ತು. ಒಂದು ಬುಧವಾರ, ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಯಾರೋ ಬಾಗಿಲು ಬಡಿದರು. ಎರಡು ಬೀದಿ ಆಚೆ ಬಟ್ಟೆ ಹೊಲಿಯುವ ಹೆಂಗಸು. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು, ಕೈಯಲ್ಲಿ ಅಕ್ಕನ ಪುಸ್ತಕ.

"ನನ್ನ ಮಗಳು ಕಾಣ್ತಿಲ್ಲ ಮೇಡಂ."

ಆಕೆಯ ಮಗಳು ನಮಗೆ ಚೆನ್ನಾಗಿ ಗೊತ್ತು. ಶನಿವಾರದ ಚಾಪೆಯ ಮೇಲೆ ಎಲ್ಲರಿಗಿಂತ ಮುಂದೆ ಕೂರುವ, ಕಥೆಯ ನಡುವೆಯೇ ಕೈ ಎತ್ತುವ ಎಂಟು ವರ್ಷದ ಹುಡುಗಿ. ಅಕ್ಕ ಅವಳಿಗೆ ಪ್ರಶ್ನೆಪುಟ್ಟಿ ಎಂದು ಹೆಸರಿಟ್ಟಿದ್ದಳು. ಬುಧವಾರ ಶಾಲೆ ಅರ್ಧ ದಿನ. ತಾಯಿ ದಾರದ ಅಂಗಡಿಗೆ ಹೋಗಿದ್ದಾಗ ಹುಡುಗಿ ಮನೆಗೆ ಬಂದು, ಹೊಲಿಗೆ ಯಂತ್ರದ ಮೇಲೆ ಚೀಟಿ ಇಟ್ಟು ಹೊರಟುಹೋಗಿದ್ದಳು. ತಾಯಿ ಅದನ್ನು ನಮ್ಮ ಮುಂದೆ ಹಿಡಿದಳು. ಎಣಿಸಿ ನೋಡಿ, ಒಬ್ಬರು ಕಮ್ಮಿ.

"ಮೂರು ವಾರದಿಂದ ಯೂನಿಫಾರಂ ಹೊಲಿಯೋ ಗಡಿಬಿಡಿ ಮೇಡಂ. ಅವಳು ಏನ್ ಕೇಳಿದ್ರೂ ಆಮೇಲೆ ಆಮೇಲೆ ಅಂತಿದ್ದೆ" ಎಂದು ಆಕೆ ಅತ್ತಳು. "ಚೀಟಿ ನೋಡಿ ಟೀಚರ್ ಹೇಳಿದ್ರು, ಇದು ನಿಮ್ಮ ಕಥೇಲಿರೋದು ಅಂತ. ಶಾಲೆ ವೇದಿಕೆ ಕೆಳಗೆ ನೋಡಿದ್ವಿ. ಇನ್ನೆರಡು ಶಾಲೆಯಲ್ಲೂ ನೋಡಿದ್ವಿ. ಎಲ್ಲೂ ಇಲ್ಲ. ಪೊಲೀಸಿನವರೂ ವೇದಿಕೆಗಳನ್ನೇ ಹುಡುಕ್ತಿದಾರೆ. ಬರೆದೋರು ನೀವು, ನಿಮಗೆ ಗೊತ್ತಿರುತ್ತಲ್ಲ, ಎಲ್ಲಿದಾಳೆ ಹೇಳಿ!"

ಅಕ್ಕ ಪುಸ್ತಕವನ್ನೇ ನೋಡುತ್ತಿದ್ದಳು.

"ಇದು ಅವಳ ಪುಸ್ತಕನಾ?"

"ಅಲ್ಲ, ಟೀಚರ್‌ದು. ನಮ್ಮನೇಲಿ ಇದು ಇಲ್ಲ. ಕೊಡಿಸು ಅಂತಿದ್ಲು, ಆಮೇಲೆ ಅಂದಿದ್ದೆ."

"ಹಾಗಾದ್ರೆ ಅವಳು ಕಥೆ ಓದಿಲ್ಲ," ಎಂದಳು ಅಕ್ಕ, ನನ್ನ ಕಡೆ ತಿರುಗಿ. "ಕೇಳಿದಾಳೆ."

ಕಪಾಟು ಎಂಬ ಮಾತು ನಮ್ಮಿಬ್ಬರ ಬಾಯಿಂದಲೂ ಬರಲಿಲ್ಲ. ತಾಯಿಯ ಮುಂದೆ ಅದನ್ನು ಹೇಳುವ ಧೈರ್ಯ ಯಾರಿಗಿತ್ತು? ಬುಧವಾರ ಗ್ರಂಥಾಲಯ ಒಂದು ಗಂಟೆಗೇ ಮುಚ್ಚುತ್ತದೆ. ಒಂದರಿಂದ ನಾಲ್ಕರವರೆಗೆ, ಮೂರು ಗಂಟೆ. ಅಕ್ಕ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಕೈ ಹಿಡಿಯದೆ ರಸ್ತೆ ದಾಟದವಳು ಎರಡು ರಸ್ತೆಗಳನ್ನು ಗಾಡಿಗಳ ನಡುವೆಯೇ ದಾಟಿದಳು. ಹಿಂದಿನಿಂದ ನಾನು, ನನ್ನ ಹಿಂದೆ ಆ ತಾಯಿ.

ಓಡುತ್ತಲೇ ಅಕ್ಕ ಒಂದೇ ಸಮನೆ ಬಡಬಡಿಸುತ್ತಿದ್ದಳು. "ಅವತ್ತು ಅವಳು ಕೈ ಎತ್ತಿದ್ಲು ಕಣೇ. ಬಾಗಿಲು ಮುಚ್ಕೊಂಡ್ರೆ ಉಸಿರು ಹೇಗಾಡ್ತಾಳೆ ಅಂತ ಕೇಳಿದ್ಲು. ಕೊನೇಲಿ ಹೇಳ್ತೀನಿ ಅಂದೆ. ಹೇಳಿದ್ನಾ?"

"ಹೇಳಿರ್ತೀಯ ಬಿಡು."

"ಪ್ರಶ್ನೆ ಚೆನ್ನಾಗಿದೆ ಅಂತ ಪೆನ್ಸಿಲ್ ಕೊಟ್ಟೆ. ಅಷ್ಟರಲ್ಲಿ ಹೊತ್ತಾಯ್ತು ಅಂತ ಗಂಟೆ ಹೊಡೆದ್ರು. ಉತ್ತರ ಹೇಳಿದ್ನೋ ಇಲ್ವೋ?"

ಅವಳು ಹೇಳಿರಲಿಲ್ಲ. ಓಡುತ್ತಿದ್ದ ನನಗೂ ಅವಳ ದನಿಯಿಂದಲೇ ಅದು ಗೊತ್ತಾಯಿತು.

ಗ್ರಂಥಪಾಲಕರ ಮನೆ ಹಿಂದಿನ ಗಲ್ಲಿಯಲ್ಲೇ ಇತ್ತು. ಮಲಗಿದ್ದವರು ಬನಿಯನ್ನಿನಲ್ಲೇ ಎದ್ದು ಬಂದರು. "ನಾನು ಎಲ್ಲ ಕೋಣೆ ನೋಡಿಯೇ ಬೀಗ ಹಾಕಿದ್ದಮ್ಮ, ಒಂದು ನೊಣವೂ ಇರಲಿಲ್ಲ" ಎಂದರು. "ಕೆಳಗೆ ನೋಡಿದ್ರಾ ಸಾರ್?" ಎಂದೆ. ಅವರು ಬೀಗದ ಕೈ ಹುಡುಕತೊಡಗಿದರು. ಗೊಂಚಲಿನಲ್ಲಿ ಹದಿನಾಲ್ಕು ಕೀಲಿಗಳು. ಮೊದಲನೆಯದು ಹತ್ತಲಿಲ್ಲ. ಎರಡನೆಯದೂ ಹತ್ತಲಿಲ್ಲ. ಅವರ ಕೈಯಿಂದ ಅದನ್ನು ಕಿತ್ತುಕೊಳ್ಳಬೇಕೆನಿಸುವಷ್ಟು ಕೋಪ ಬಂತು ನನಗೆ. ಕೋಪ ಅವರ ಮೇಲಲ್ಲ, ಆ ಹಾಳು ಪುಟ ಹರಿದು ನೆಮ್ಮದಿಯಿಂದ ಚಹಾ ಕುಡಿದ ನನ್ನ ಮೇಲೆ.

ನೆಲಮಾಳಿಗೆಯ ದೀಪ ಹತ್ತಿತು. ಹಳೆಯ ಕಾಗದದ ವಾಸನೆ, ಒಂಬತ್ತು ಕಬ್ಬಿಣದ ಕಪಾಟು, ಒಂದೂ ಸದ್ದಿಲ್ಲ. ತಾಯಿ ಮಗಳನ್ನು ಕೂಗಿದಳು. ಉತ್ತರ ಬರಲಿಲ್ಲ. ಗೋಡೆಯ ಪಕ್ಕದ ಮೂಲೆಯಲ್ಲಿ ಪತ್ರಿಕೆಗಳ ಕಟ್ಟುಗಳನ್ನು ಯಾರೋ ಎಳೆದು ನೆಲದ ಮೇಲೆ ಜೋಡಿಸಿದ್ದರು. ಅವುಗಳ ಎದುರಿನ ಕಪಾಟಿನ ಹೊರ ಚಿಲಕ ತಾನಾಗಿಯೇ ಬಿದ್ದಿತ್ತು. ಆದರೆ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಕೆಳಗಡೆ, ಬಾಗಿಲಿಗೂ ಚೌಕಟ್ಟಿಗೂ ನಡುವೆ, ಒಂದು ಹಳದಿ ಪೆನ್ಸಿಲ್ ಅಡ್ಡ ಸಿಕ್ಕಿಕೊಂಡಿತ್ತು. ಅಲ್ಲಿಂದ ಬೆರಳಷ್ಟು ಸಂದು.

ಅಕ್ಕ ಚಿಲಕ ಎತ್ತಿದಳು. ಹುಡುಗಿ ಮಂಡಿ ಮಡಚಿ, ಬಾಯನ್ನು ಆ ಸಂದಿಗೆ ಹತ್ತಿಸಿಕೊಂಡು ಮಲಗಿದ್ದಳು. ಮೈಯೆಲ್ಲಾ ಬೆವರು, ತುಟಿ ಒಣಗಿತ್ತು. ಕಣ್ಣು ಬಿಟ್ಟಳು. ತಾಯಿ ಅವಳನ್ನು ಬಾಚಿ ಎತ್ತಿಕೊಂಡಾಗ ಕೂಗಿ ಕೂಗಿ ಒಡೆದ ಗಂಟಲಲ್ಲಿ, "ಎಣಿಸಿದ್ಯಾ ಅಮ್ಮಾ?" ಎಂದಳು. "ಎಣಿಸ್ದೆ ಕಂದಾ, ಎಣಿಸ್ದೆ" ಎಂದು ತಾಯಿ ಅವಳ ಮುಖವೆಲ್ಲ ಒರೆಸಿದಳು. ಗ್ರಂಥಪಾಲಕರು ನೀರು ತಂದರು. ಎರಡು ಗುಟುಕು ಕುಡಿದ ಮೇಲೆ ಹುಡುಗಿಯ ಕಣ್ಣು ಅಕ್ಕನ ಮೇಲೆ ಬಿತ್ತು.

"ಉಸಿರು ಹೇಗಾಡ್ತಾಳೆ ಅಂತ ನೀವು ಹೇಳ್ಲೇ ಇಲ್ಲ ಆಂಟಿ," ಎಂದಳು. "ಅದಕ್ಕೆ ನಾನೇ ಯೋಚ್ನೆ ಮಾಡ್ದೆ."

ಅಕ್ಕ ಆ ಹಳದಿ ಪೆನ್ಸಿಲನ್ನು ನೆಲದಿಂದ ಎತ್ತಿಕೊಂಡಳು. ಆಸ್ಪತ್ರೆಯವರು ಹುಡುಗಿಯನ್ನು ಅವತ್ತೇ ಸಂಜೆ ಮನೆಗೆ ಕಳಿಸಿದರು.

ಇನ್ನು ಬರೆಯುವುದಿಲ್ಲ ಎಂದಳು ಅಕ್ಕ. ಅದು ಸುಳ್ಳಾಯಿತು, ಅದು ಸುಳ್ಳಾಗುತ್ತದೆಂದು ನನಗೂ ಪ್ರಶ್ನೆಪುಟ್ಟಿಗೂ ಗೊತ್ತಿತ್ತು. ಆದರೆ ಅದಕ್ಕೆ ಮುಂಚೆ, ಮಾರನೆಯ ದಿನವೇ, ನನ್ನನ್ನು ಎಳೆದುಕೊಂಡು ಉಳಿದ ಮಕ್ಕಳ ಮನೆಗಳಿಗೆ ಹೊರಟಳು. ಪ್ರತಿ ಮಗುವನ್ನೂ ಎದುರಿಗೆ ಕೂರಿಸಿಕೊಂಡು, ಕಪಾಟಿನ ಪುಟ ತಪ್ಪು, ನಾನು ತಪ್ಪು ಬರೆದೆ, ಅವಳು ಅಡಗಿದ್ದು ವೇದಿಕೆಯ ಕೆಳಗೆ ಎಂದು ಹೇಳಿದಳು. ಅವರ ಬಾಯಿಂದಲೂ ಹೇಳಿಸಿದಳು. ಒಂದು ಮಗು, "ಕಪಾಟೇ ಚೆನ್ನಾಗಿತ್ತು ಆಂಟಿ" ಎಂದಾಗ ಇನ್ನೊಂದು ಗಂಟೆ ಅಲ್ಲೇ ಕೂತಳು. ಪ್ರಶ್ನೆಪುಟ್ಟಿಯೂ ಸೇರಿ ಏಳು ಮಕ್ಕಳ ಲೆಕ್ಕ ಮುಗಿಯಿತು.

ಎಂಟನೆಯವಳು ಸಿಗಲಿಲ್ಲ. ಹಸಿರು ಸ್ವೆಟರ್ ಎನ್ನುವುದು ಬಿಟ್ಟರೆ ಅವಳ ಬಗ್ಗೆ ಯಾರಿಗೂ ಏನೂ ಗೊತ್ತಿರಲಿಲ್ಲ. ಯಾರ ಮನೆಗೆ ಬಂದಿದ್ದಳು, ಯಾವ ಊರಿನವಳು, ಹೆಸರೇನು? ಮಕ್ಕಳ ಕೋಣೆಗೆ ಬರುವವರ ಹೆಸರು ಬರೆದುಕೊಳ್ಳುವ ಪದ್ಧತಿಯೇ ಇರಲಿಲ್ಲ. ಅಕ್ಕ ಆ ಬಡಾವಣೆಯ ಒಂದೊಂದೇ ಮನೆ ಹತ್ತಿ ಇಳಿದಳು. ಪತ್ರಿಕೆಯಲ್ಲಿ ಹಾಕಿಸಿದಳು. ಮಕ್ಕಳಿರುವ ಯಾವ ಮನೆಗೆ ಹೋದರೂ ಮೊದಲು ಅವಳ ಕಣ್ಣು ಕಪಾಟಿನ ಬಾಗಿಲಿಗೆ ಹೋಗುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂದರೆ ಎತ್ತುವುದಿಲ್ಲ, ನಾನೇ ಎತ್ತಬೇಕು. ನಾನು ಮಾತಾಡಿ ಫೋನಿಡುವವರೆಗೂ ನನ್ನ ಮುಖವನ್ನೇ ನೋಡುತ್ತಿರುತ್ತಾಳೆ.

ಆಮೇಲೆ ಅವಳ ನಾಲ್ಕು ಪುಸ್ತಕ ಬಂದಿವೆ. ನಾಲ್ಕರಲ್ಲೂ ಕಥೆ ಶುರುವಾಗುವ ಮುಂಚೆ, ಖಾಲಿ ಪುಟದ ನಡುವೆ, ಅದೇ ಎರಡು ಸಾಲು. ಓದಿದವರು ಇದೇನು ಒಗಟು ಎಂದು ಕೇಳುತ್ತಾರೆ. ಪ್ರಕಾಶಕರು, "ಮೇಡಂ, ಈ ಸಲವಾದ್ರೂ ಬಿಟ್ಟುಬಿಡೋಣ" ಎಂದು ಮೂಗು ಮುರಿಯುತ್ತಾರೆ. ಅಕ್ಕ ಒಪ್ಪುವುದಿಲ್ಲ. ಹದಿನೆಂಟನೆಯ ಪುಸ್ತಕದ ಟೈಪು ಮೊನ್ನೆ ಶುರು ಮಾಡಿದೆ. ಹಸಿರು ಸ್ವೆಟರಿನ ಆ ಹುಡುಗಿಗೆ ಈಗ ಹದಿಮೂರೋ ಹದಿನಾಲ್ಕೋ ಆಗಿರಬೇಕು. ಮಕ್ಕಳ ಪುಸ್ತಕ ಓದುವ ವಯಸ್ಸೇ ಅಲ್ಲ. ಅದನ್ನು ಅಕ್ಕನಿಗೆ ಹೇಳಬೇಕೆಂದು ಬಾಯಿ ತೆರೆದವಳು ಸುಮ್ಮನಾದೆ. ಆ ಹುಡುಗಿಗೊಬ್ಬ ತಂಗಿ ಇರಬಹುದು, ಕಪಾಟಿನ ಕಥೆಯನ್ನು ಆ ತಂಗಿಗೆ ಹೇಳಿರಬಹುದು. ಹೊಸ ಹಾಳೆ ತೆಗೆದುಕೊಂಡು ಮೊದಲು ಆ ಎರಡು ಸಾಲನ್ನೇ ಟೈಪು ಮಾಡಿದೆ:

ಕಿಟಕಿಯ ಪಕ್ಕ ಕೂತಿದ್ದ ಮಗುವೇ, ಕಪಾಟಿನ ಪುಟ ಸುಳ್ಳು.
ಬಾಗಿಲು ತೆರೆದಿಡು.