ಹನ್ನೆರಡನೆಯ ಕಾರ್ಡು

ಪಕ್ಕದ ಸೈಟಿನಲ್ಲಿ ಕಲ್ಲುಕುಟಿಗರ ಉಳಿಯ ಸದ್ದು ಏಳಕ್ಕೇ ಶುರುವಾಗಿತ್ತು. ಟಣ್, ಟಣ್, ಒಂದು ಬಿಡುವು, ಮತ್ತೆ ಟಣ್. ಅರವತ್ಮೂರನೇ ಇಸವಿಯಲ್ಲಿ ಜಯನಗರದ ಯಾವ ಬೀದಿಗೆ ಹೋದರೂ ಇದೇ ಸದ್ದು. ಕಾತ್ಯಾಯಿನಿಗೆ ಅದು ಕಿವಿಗೇ ಬೀಳದಷ್ಟು ರೂಢಿಯಾಗಿತ್ತು. ಇವತ್ತು ಮಾತ್ರ ಒಂದೊಂದು ಏಟೂ ನೆತ್ತಿಯ ಮೇಲೆ ಬಿದ್ದಂತಿತ್ತು. ಬೀರುವಿನಲ್ಲಿ ಅವಳು ಕಾರ್ಡುಗಳನ್ನಿಟ್ಟಿದ್ದ ಬಿಸ್ಕತ್ತಿನ ಡಬ್ಬಿ ಖಾಲಿಯಾಗಿತ್ತು.

ಹನ್ನೊಂದಕ್ಕೆ ರೀಡರ್ ಹುದ್ದೆಯ ಸಂದರ್ಶನ. ಅದು ಸಿಗದಿದ್ದರೆ ಪ್ರಯೋಗಶಾಲೆಯ ಬೀಗದಕೈ ಬೇರೆಯವರ ಪಾಲು. ಅವಳಿಗೆ ಉಳಿಯುವುದು ಪಾಠ ಮಾತ್ರ.

ಹನ್ನೆರಡು ವರ್ಷದಿಂದ ಅವಳು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುತ್ತಿದ್ದಳು. ರಾಗಿಗೆ ಬರುವ ಬೆಂಕಿರೋಗ ಅವಳ ಸಂಶೋಧನೆಯ ವಿಷಯ. ಮದುವೆಯಾಗಿ ಈ ಮನೆಗೆ ಬಂದ ಮೇಲೂ ಭಾನುವಾರ ಸಾರಕ್ಕಿಯ ಹೊಲಗಳಿಗೆ ನಡೆದು, ಕರಿಕಟ್ಟಿದ ತೆನೆಗಳನ್ನು ಸೆರಗಿನಲ್ಲಿ ತರುತ್ತಿದ್ದಳು. "ಒಳ್ಳೇ ತೆನೆ ಬಿಟ್ಟು ಸತ್ತಿದ್ದನ್ನ ಹೊತ್ಕೊಂಡ್ ಹೋಗ್ತೀಯಲ್ಲವ್ವಾ, ನಿಮ್ಮನೇಲಿ ಯಾರೂ ಬಯ್ಯಲ್ವಾ?" ಎಂದು ಹೊಲದೊಡತಿ ಅಕ್ಕಯಮ್ಮ ನಗುತ್ತಿದ್ದಳು. ಆ ತೆನೆಗಳಿಂದ ಆರು ಲೇಖನಗಳು ಅಚ್ಚಾಗಿದ್ದವು.

"ಆರು ಬರೆದಿದ್ದೀರಿ, ಸರಿ. ಓದಿದೋರು ಯಾರಮ್ಮಾ? ಅಚ್ಚು ಜೋಡಿಸಿದೋನನ್ನ ಬಿಟ್ಟು?" ಎಂದು ವಿಭಾಗದ ಮುಖ್ಯಸ್ಥರು ಹೋದ ವಾರ ಎಲ್ಲರೆದುರು ಕೇಳಿದ್ದರು. ಸಂದರ್ಶನದ ಸಮಿತಿಯೂ ಅದನ್ನೇ ಕೇಳಲಿತ್ತು. ಉತ್ತರ ಆ ಡಬ್ಬಿಯಲ್ಲಿತ್ತು. ದೂರದೇಶದ ವಿದ್ವಾಂಸರಿಗೆ ಲೇಖನ ಬೇಕಾದರೆ ಒಂದು ಕಾರ್ಡು ಬರೆದು ಪ್ರತಿ ಕೇಳುತ್ತಿದ್ದರು. ಅಂಥ ಹನ್ನೊಂದು ಕಾರ್ಡುಗಳು.

ಹಿತ್ತಲಲ್ಲಿ ನೀರಿನ ಸದ್ದಾಯಿತು. ಅವಳು ಓಡಿದಳು.

ಮಾವ ಶಾಮಣ್ಣನವರು ಹಿತ್ತಾಳೆ ಬೋಗುಣಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ನೀರೆಲ್ಲ ನೀಲಿ. ಕಾರ್ಡುಗಳು ತೇಲುತ್ತಿದ್ದವು.

"ಬಾಮ್ಮಾ, ಬಾ. ಸ್ಟಾಂಪ್ ಎಷ್ಟು ಚೆನ್ನಾಗಿ ಬಿಟ್ಕೊಳ್ತಿದೆ ನೋಡು," ಎಂದರು. ತಾಲ್ಲೂಕು ಕಚೇರಿಯಿಂದ ನಿವೃತ್ತರಾದ ಮೇಲೆ ಅಂಚೆಚೀಟಿಯೊಂದೇ ಅವರ ಹುಚ್ಚು. ಪಕ್ಕದಲ್ಲಿ ಹೊಸ ಆಲ್ಬಮ್ ಇತ್ತು. ಮೊದಲ ಪುಟದಲ್ಲಿ ದುಂಡಗಿನ ಅಕ್ಷರದಲ್ಲಿ ಅವಳ ಹೆಸರು, ಕೆಳಗೆ ಜಪಾನು, ಹಾಲೆಂಡು, ಬ್ರೆಜಿಲ್. "ಏಳು ದೇಶ! ಸಮಿತಿಯೋರ ಎದುರಿಗೆ ಇದನ್ನ ಇಡು. ಬಾಯಿ ಮುಚ್ಕೋತಾರೆ."

ಅವಳು ಒಂದು ಕಾರ್ಡನ್ನು ಎತ್ತಿದಳು. ಯಾವ ಲೇಖನ, ಯಾರಿಗೆ ಬೇಕು, ಏಕೆ ಬೇಕು, ಒಂದಕ್ಷರವೂ ಉಳಿದಿರಲಿಲ್ಲ. ಶಾಯಿ ಬೆರಳಿಗಂಟಿತು.

"ಅಕ್ಷರ ಹೋಯ್ತಲ್ಲ, ಮಾವ."

ಶಾಮಣ್ಣನವರು ಬೋಗುಣಿಯನ್ನೂ ಅವಳನ್ನೂ ನೋಡಿದರು. ಆಮೇಲೆ ಒದ್ದೆ ಕೈಯನ್ನು ಪಂಚೆಗೆ ಒರೆಸುತ್ತಲೇ ಇದ್ದರು. ಅವಳು ಕಾರ್ಡನ್ನು ಬೋಗುಣಿಯ ಅಂಚಿಗಿಟ್ಟಳು.

ಗಡಿಯಾರ ಒಂಬತ್ತೂವರೆ ಹೊಡೆಯಿತು. ಒಳಗೆ ಹೋಗಿ, ದಪ್ಪ ನಿಘಂಟನ್ನು ತೆರೆದಳು. ಅದರೊಳಗೆ ಮಾವನ ಕಣ್ಣಿಗೂ ಬೀಳದಂತೆ ಎಂಟು ತಿಂಗಳಿಂದ ಬಚ್ಚಿಟ್ಟ ಕಾರ್ಡೊಂದಿತ್ತು, ಉಗಾಂಡದ್ದು. 'ನಿಮ್ಮ ಮೂರನೆಯ ಲೇಖನದಲ್ಲಿ ಹೇಳಿದಂತೆಯೇ ಎರಡು ಬೆಳೆ ತೆಗೆದು ನೋಡಿದೆವು. ನಿಮಗೆ ಬಂದ ಫಲಿತಾಂಶ ನಮಗೆ ಬರಲಿಲ್ಲ. ನಮ್ಮ ಲೇಖನದಲ್ಲಿ ನಿಮ್ಮ ಹೆಸರು ಹೇಳಿಯೇ ಹಾಗೆಂದು ಬರೆದಿದ್ದೇವೆ.' ಅದನ್ನು ಓದಿದ ದಿನ ಅವಳಿಗೆ ಊಟ ಸೇರಿರಲಿಲ್ಲ. ಉತ್ತರವನ್ನೂ ಬರೆದಿರಲಿಲ್ಲ.

ಕಾರ್ಡನ್ನು ಚೀಲಕ್ಕೆ ಹಾಕಿಕೊಂಡು ಗೇಟಿಗೆ ಬಂದಳು. ಶಾಮಣ್ಣನವರು ಆಲ್ಬಮ್ಮನ್ನು ಎದೆಗವಚಿಕೊಂಡು ಹಿಂದೆಯೇ ಬಂದರು.

"ಇನ್ನೊಂದಿತ್ತಾ? ಏನಂತೆ ಅದರಲ್ಲಿ?"

"ನಾನು ಬರೆದಿದ್ದು ತಪ್ಪಂತೆ."

"ಅಯ್ಯೋ! ಅದನ್ನ ಹೋಗಿ ಹೋಗಿ ಅವರ ಕೈಗೆ ಕೊಡ್ತೀಯಾ? ಹುಚ್ಚು ಗಿಚ್ಚು ಹಿಡೀತಾ ನಿಂಗೆ?"

ಉಳಿಯ ಸದ್ದು ನಿಂತಿತ್ತು. ಕಲ್ಲುಕುಟಿಗರು ತಿಂಡಿಗೆ ಕೂತಿದ್ದರು. ಅವಳು ಕೈಯ ನೀಲಿ ಕಲೆಯನ್ನು ಒಮ್ಮೆ ನೋಡಿಕೊಂಡಳು.

"ತಪ್ಪು ಅನ್ನೋದಕ್ಕೇ ಆ ಉಗಾಂಡದೋರು ಎರಡು ಬೆಳೆ ರಾಗಿ ಬೆಳೆದಿದ್ದಾರೆ, ಮಾವ. ಮೊದಲನೇ ಸಾಲಿಂದ ಕೊನೇ ಸಾಲಿನವರೆಗೆ ನನ್ನನ್ನ ಓದಿದ್ದಾರೆ. ಓದಿದೋರು ಯಾರು ಅಂತ ಸಮಿತಿಯೋರು ಕೇಳಿದ್ರೆ, ನಾನು ಅದನ್ನೇ ಅವರ ಮುಂದೆ ಇಟ್ಟು—"

ಮೂಲೆಯಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಮಾತನ್ನು ಅಲ್ಲೇ ಬಿಟ್ಟು, ಚೀಲವನ್ನು ಅವುಚಿಕೊಂಡು ಅವಳು ಬಿರಬಿರನೆ ನಡೆದುಬಿಟ್ಟಳು.