ಊದಣ್ಣನ ನೀರಿನ ಬೆಂಕಿ

ನಮ್ಮ ಮನೆಯ ಚಾವಣಿಯೇ ಊದಣ್ಣನ ಮನೆಯ ನೆಲ. ನಾನು ಕೆಳಗೆ ಬಟ್ಟೆ ಹೊಲಿಯುತ್ತೇನೆ, ಅವರು ಮೇಲೆ ಮುರಿದ ಒಡವೆಗಳಿಗೆ ಬೆಸುಗೆ ಹಾಕುತ್ತಾರೆ. ಹಾಗಾಗಿ ಅಲ್ಲಿ ಚಮಚ ಬಿದ್ದರೂ ನನಗೆ ಗೊತ್ತಾಗುತ್ತದೆ. ಬೇಡವೆಂದರೂ ಗೊತ್ತಾಗುತ್ತದೆ, ಏನು ಮಾಡುವುದು?

ಊದಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಅವರ ಬೆಸುಗೆಗೆ ಇದ್ದದ್ದು ಒಂದು ಎಣ್ಣೆ ದೀಪ, ಒಂದು ಹಿತ್ತಾಳೆಯ ಊದುಕೊಳವೆ. ಕೊಳವೆಯ ಒಂದು ತುದಿ ಬಾಯಲ್ಲಿ, ಇನ್ನೊಂದು ದೀಪದ ಕುಡಿಯ ಪಕ್ಕದಲ್ಲಿ. ಒಂದೇ ಸಮನೆ ಊದಿದರೆ ಕುಡಿ ಬಾಗಿ, ಮೊನಚಾಗಿ, ಬೇಕಾದ ಕೊಂಡಿಯ ಮೇಲೆ ಮಾತ್ರ ಬೀಳುತ್ತದೆ. ಊದುತ್ತಲೇ ಮೂಗಿನಿಂದ ಉಸಿರೆಳೆದುಕೊಳ್ಳಬೇಕು. ನಡುವೆ ತಡೆದರೆ ಬೆಸುಗೆ ಕೆಟ್ಟಂತೆಯೇ. ತಂದೆಯಿಂದ ಕಲಿತ ವಿದ್ಯೆ. ವರ್ಷಾನುಗಟ್ಟಲೆ ಊದಿ ಊದಿ ಅವರ ಕೆನ್ನೆ ಜೋತುಬಿದ್ದು, ಸುಮ್ಮನೆ ಕೂತಾಗಲೂ ಯಾರ ಮೇಲೋ ಮುನಿಸಿಕೊಂಡವರ ಹಾಗೆ ಕಾಣುತ್ತಾರೆ. ಮನುಷ್ಯ ಮಾತ್ರ ಹಸುವಿನಂಥವರು.

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಅಕ್ಕನಿಗೆ ಎರಡು ಹುಚ್ಚು. ಒಂದು, ಮನೆಯ ಯಾವ ವಸ್ತುವೂ ಬತ್ತಲೆ ಇರಬಾರದು. ರೇಡಿಯೋಗೆ, ಮಿಕ್ಸಿಗೆ, ಗಡಿಯಾರಕ್ಕೆ ಸಹ ಹೊದಿಕೆ. ನನ್ನ ಹತ್ತಿರ ಉಳಿದ ಬಟ್ಟೆ ತುಂಡುಗಳೆಲ್ಲ ಮೇಲಕ್ಕೇ ಹೋಗುತ್ತವೆ. ಇನ್ನೊಂದು, ಯಾವ ಪಾತ್ರೆಯಲ್ಲೂ ಹಳೆಯ ನೀರು ನಿಲ್ಲಬಾರದು. ಬಕೆಟ್ಟುಗಳು ಬೋರಲು, ತಂಬಿಗೆ ಬೋರಲು. ಗಂಡನನ್ನು ಬೋರಲು ಹಾಕಿಲ್ಲ, ಅಷ್ಟೇ. ಜೊತೆಗೆ ಬೆಂಕಿ ಎಂದರೆ ಜೀವ ಹಿಡಿಯಷ್ಟು. ಒಲೆ ಹಚ್ಚುವಾಗಲೂ ಮುಖ ಆಚೆ ತಿರುಗಿಸಿಕೊಂಡೇ ಹಚ್ಚುತ್ತಾಳೆ.

ಒಂದು ವರ್ಷ ಊದಣ್ಣನ ಎದೆ ಕೈಕೊಟ್ಟಿತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದರು: "ಊದೋದು ನಿಲ್ಲಿಸಿ. ಇಲ್ಲಾಂದ್ರೆ ಅದೇ ನಿಮ್ಮನ್ನ ನಿಲ್ಲಿಸುತ್ತೆ."

ಬಾಯಿಂದ ಊದದೆ ಬೆಸುಗೆ ಹಾಕಬೇಕೆಂದರೆ ಗ್ಯಾಸು ಬೇಕು. ಮನೆಯ ಮಾಲೀಕ ಅಡುಗೆಯ ಸಿಲಿಂಡರ್ ಒಂದನ್ನು ಬಿಟ್ಟು ಬೇರೆಯದಕ್ಕೆ ಒಪ್ಪಲಿಲ್ಲ. ಮೆಟ್ಟಿಲು ಮರದ್ದು, ಅವನದೂ ತಪ್ಪಲ್ಲ. ಊದಣ್ಣನ ತಮ್ಮನಿಗೆ ಕುರ್ಚಿ ಮೇಜುಗಳ ದೊಡ್ಡ ಅಂಗಡಿ ಇದೆ. "ಅಣ್ಣ, ನಮ್ಮಲ್ಲಿಗೆ ಬಂದ್ಬಿಡು. ಬಾಗಿಲ ಹತ್ರ ಒಂದು ಕುರ್ಚಿ ಹಾಕ್ತೀನಿ. ಬಂದೋರಿಗೆ ಬನ್ನಿ, ಕೂತ್ಕೊಳ್ಳಿ ಅಂತಿದ್ರೆ ಸಾಕು" ಎಂದ.

ಊದಣ್ಣ ಕೆಳಗೆ ಬಂದು ನನ್ನ ಮಿಷನ್ನಿನ ಪಕ್ಕ ಕೂತರು. "ಕೂತ್ಕೊಳ್ಳಿ ಅನ್ನೋದೂ ಒಂದು ಕೆಲ್ಸಾನಾ ತಂಗಿ? ಬೆಸುಗೆ ಬಿಟ್ರೆ ನಾನು ಯಾರು?" ಎಂದರು.

ದೊಡ್ಡ ಒಡವೆ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಅವರು ನೀರಿನಿಂದ ಬೆಂಕಿ ತೆಗೆಯುವ ಪೆಟ್ಟಿಗೆಯನ್ನು ನೋಡಿದ್ದರು. ಅಂಥದ್ದನ್ನು ತಾವೇ ಮಾಡಲು ಕೂತರು. ಬ್ಯಾಟರಿ ಅಂಗಡಿಯವನೇ ಗುರು. ಹಳೆಯ ಟಿಫನ್ ಕ್ಯಾರಿಯರ್‌ನ ಸ್ಟೀಲು ಕತ್ತರಿಸಿ ತಗಡುಗಳಾದವು, ತಗಡಿಗೆ ತಗಡು ತಾಗದಂತೆ ನಡುವೆ ರಬ್ಬರು ಬಿಲ್ಲೆ. ಎಲ್ಲವನ್ನೂ ಬಿಗಿ ಮುಚ್ಚಳದ ಡಬ್ಬಿಯ ನೀರಿನಲ್ಲಿ ಮುಳುಗಿಸಿ, ಬ್ಯಾಟರಿ ಚಾರ್ಜರಿನಿಂದ ತಂತಿ ಕೊಟ್ಟರು. ಬರಿಯ ನೀರಿನಲ್ಲಿ ಕರೆಂಟು ಸರಿಯಾಗಿ ಹರಿಯದು ಎಂದು ಅಡುಗೆ ಉಪ್ಪು ಸುರಿದರು. ಘಾಟು ಎದ್ದು ಅಕ್ಕ ಕೆಮ್ಮಿದ್ದು ನನಗೆ ಕೆಳಗೆ ಕೇಳಿಸಿತು.

"ಉಪ್ಪು ಹಾಕಿದ್ರೆ ವಿಷದ ಗಾಳಿ ಬರುತ್ತೆ ಸ್ವಾಮಿ! ಅದೇನು ಸಾರಾ?" ಎಂದು ಬ್ಯಾಟರಿಯವನು ಬೈದು, ಉಪ್ಪಿನ ಬದಲು ಕಾಸ್ಟಿಕ್ ಸೋಡಾ ಹಾಕಿಸಿದ.

ಕರೆಂಟು ಹರಿದರೆ ನೀರು ಜಲಜನಕ, ಆಮ್ಲಜನಕ ಎಂಬ ಎರಡು ಗಾಳಿಗಳಾಗಿ ಒಡೆಯುತ್ತದೆ. ಅವೆರಡೂ ಒಟ್ಟಿಗೇ ಕೊಳವೆಯಲ್ಲಿ ಬಂದು, ಕೊನೆಗೆ ಇಂಜೆಕ್ಷನ್ ಸೂಜಿಯೊಂದರ ತುದಿಯಲ್ಲಿ ಉರಿಯುತ್ತವೆ. ಅಪಾಯವೆಂದರೆ, ಬೆಂಕಿ ಸೂಜಿಯೊಳಗೆ ಹಿಂದಕ್ಕೆ ಓಡಿದರೆ ಎಲ್ಲವೂ ಸಿಡಿಯುತ್ತದೆ. ಅದಕ್ಕೇ ನಡುವೆ ಅರ್ಧ ನೀರು ತುಂಬಿದ ಇನ್ನೊಂದು ಬಾಟಲಿ ಇತ್ತು. ಗಾಳಿ ಅದರ ತಳಕ್ಕೆ ಇಳಿದು, ಗುಳು ಗುಳು ಎಂದು ನೀರನ್ನು ದಾಟಿ ಮೇಲೆ ಬರಬೇಕು. ಬೆಂಕಿ ನೀರು ದಾಟಲಾರದು. ಊದಣ್ಣ ಅದನ್ನು ಕಾವಲು ಬಾಟಲಿ ಎನ್ನುತ್ತಿದ್ದರು. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಆ ಬಾಟಲಿಯಲ್ಲಿ ಏನಿದೆ ಎಂದು ಅಕ್ಕ ಕೇಳಿದಾಗ ಅವರು ಕೊಟ್ಟ ಉತ್ತರ ಒಂದೇ: "ಅದು ಬರೀ ನೀರು ಕಣೆ." ಅಕ್ಕ ಹೆದರಬಾರದು, ಕೆಲಸವೂ ನಿಲ್ಲಬಾರದು, ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಸೂಜಿಯ ತುದಿಯಲ್ಲಿ ಸೂಜಿಯಷ್ಟೇ ಸಣ್ಣ ಜ್ವಾಲೆ ಎದ್ದ ದಿನ ಅವರು ನನ್ನನ್ನು ಕೂಗಿ ಕರೆದು ತೋರಿಸಿದರು. ತುಂಡಾದ ಸರವೊಂದು ಕಣ್ಣೆದುರೇ ಕೂಡಿಕೊಂಡಿತು. ಊದಣ್ಣ ಮಗುವಿನ ಹಾಗೆ ನಗುತ್ತಿದ್ದರು. ಅಕ್ಕನಿಗೂ ಖುಷಿ. ಕಾವಲು ಬಾಟಲಿ ಬತ್ತಲೆ ಇರುವುದನ್ನು ನೋಡಲಾಗದೆ, ನನ್ನಿಂದ ದಪ್ಪ ಬಟ್ಟೆ ಇಸಿದುಕೊಂಡು ಅದಕ್ಕೂ ಒಂದು ಹೊದಿಕೆ ಹೊಲಿದಳು. ಹೆಂಡತಿ ಪ್ರೀತಿಯಿಂದ ಹೊಲಿದದ್ದನ್ನು ಬೇಡ ಎನ್ನುವ ಧೈರ್ಯ ಊದಣ್ಣನಿಗೆ ಎಲ್ಲಿಯದು? ನೀರು ಎಷ್ಟಿದೆ ಎಂಬುದು ಅಂದಿನಿಂದ ಕಣ್ಣಿಗೆ ಬೀಳದಾಯಿತು.

ಕೆಲವು ವಾರ ಎಲ್ಲ ಸುಸೂತ್ರ. ಒಂದು ಬೆಳಿಗ್ಗೆ ಹೊದಿಕೆ ಕೊಳೆಯಾಗಿದೆಯೆಂದು ಅಕ್ಕ ಒಗೆಯಲು ತೆಗೆದಳು. ಒಳಗೆ ಹಳದಿಗಟ್ಟಿದ ಹಳೆಯ ನೀರು! ಚೆಲ್ಲಿದಳು. ಬಾಟಲಿ ತೊಳೆದು, ಒರೆಸಿ, ಒಣಗಿಸಿ, ಇದ್ದ ಹಾಗೇ ಜೋಡಿಸಿ, ಒಗೆದ ಹೊದಿಕೆಯನ್ನು ಮತ್ತೆ ತೊಡಿಸಿದಳು. ಆಮೇಲೆ ಟೀ ತಂದು ಗಂಡನ ಪಕ್ಕದಲ್ಲಿ ನಿಂತು ಮಾತಿಗೆ ತೊಡಗಿದಳು. ಮಾತಿನ ನಡುವೆ ಗುಳು ಗುಳು ಇಲ್ಲದ್ದು ಊದಣ್ಣನ ಗಮನಕ್ಕೆ ಬರಲಿಲ್ಲ. ಕಡ್ಡಿ ಗೀರಿದರು.

ನನ್ನ ಚಾವಣಿಯ ಗಾರೆ ಹೊಲಿಗೆಯ ಮೇಲೆ ಉದುರಿತು. ಮಿಷನ್ನು ಬಿಟ್ಟು ಮೇಲೆ ಓಡಿದೆ. ಡಬ್ಬಿಯ ಮುಚ್ಚಳ ಕಿಟಕಿಯಾಚೆ ಹಾರಿಹೋಗಿತ್ತು. ಬಾಟಲಿ ನುಚ್ಚುನೂರು, ಆದರೆ ಚೂರುಗಳೆಲ್ಲ ಆ ದಪ್ಪ ಹೊದಿಕೆಯೊಳಗೇ ಉಳಿದಿದ್ದವು. ಅಕ್ಕ ಎಡಗಿವಿ ಮುಚ್ಚಿಕೊಂಡು ನೆಲದ ಮೇಲೆ ಕೂತಿದ್ದಳು.

"ನೀರೆಲ್ಲಿ ಹೋಯ್ತು?" ಎಂದು ಊದಣ್ಣ ಕೇಳಿದರು.

"ಚೆಲ್ದೆ. ಹಳೇದಾಗಿತ್ತು. ಬರೀ ನೀರು ಅಂದಿದ್ರಲ್ಲಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅಕ್ಕನ ಎಡಗಿವಿ ಇನ್ನು ಮೊದಲಿನಂತೆ ಕೇಳುವುದಿಲ್ಲ ಎಂದು ಡಾಕ್ಟರು ಹೇಳಿದ ದಿನವೇ ಊದಣ್ಣ ತಗಡು, ತಂತಿ, ಚಾರ್ಜರು ಎಲ್ಲವನ್ನೂ ಚೀಲಕ್ಕೆ ತುಂಬಿದರು. ತಮ್ಮನಿಗೆ ಫೋನು ಮಾಡಿ, "ಕುರ್ಚಿ ಹಾಕು, ಬರ್ತೀನಿ" ಎಂದರು. ನಾನು ಅಲ್ಲೇ ಇದ್ದೆ.

"ಯಾರನ್ನ ಕೇಳಿ ಕುರ್ಚಿ ಹಾಕಿಸ್ತಿದೀರಿ?" ಎಂದಳು ಅಕ್ಕ. ಎದ್ದು ಬಂದು ಚೀಲವನ್ನು ನೆಲಕ್ಕೆ ಸುರಿದಳು. "ಕೂತ್ಕೊಳ್ಳಿ. ಯಾವ್ದು ಏನು ಅಂತ ಒಂದೊಂದೇ ಹೇಳಿ. ಸಿಡಿಯೋದನ್ನೂ ಸೇರ್ಸಿ ಹೇಳಿ."

ಅವರು ಹೇಳಿದರು. ಅಕ್ಕ ಬಲಗಿವಿ ಕೊಟ್ಟು ಪೂರ್ತಿ ಕೇಳಿದಳು.

"ನಾನು ಹೆದರ್ಕೋತೀನಿ ಅಂತ ನೀವು ಹೆದರ್ಕೊಂಡ್ರಿ. ಹೇಳಿದ್ರೆ ನಾನೇ ಕಾವಲು ಇರ್ತಿದ್ನಲ್ಲ" ಎಂದು, ನನ್ನ ಕಡೆ ತಿರುಗಿ ಕೆಂಪು ದಾರ ಕೇಳಿದಳು. ಹೊಸ ಬಾಟಲಿಯ ಮೇಲೆ ನೀರು ಇಷ್ಟಿರಬೇಕು ಎನ್ನುವಲ್ಲಿ ಆ ದಾರ ಕಟ್ಟಿದಳು. ಅದಕ್ಕೆ ಮಾತ್ರ ಹೊದಿಕೆ ಹೊಲಿಯಲಿಲ್ಲ. ಅವರ ಮನೆಯಲ್ಲಿ ಬತ್ತಲೆ ಇರುವ ವಸ್ತು ಅದೊಂದೇ.

ಈಗಲೂ ದಿನಾ ಬೆಳಿಗ್ಗೆ ನಮ್ಮ ಚಾವಣಿಯ ಮೇಲೆ ಹೆಜ್ಜೆ ಸಪ್ಪಳವಾಗುತ್ತದೆ. ಬಾಟಲಿ ಊದಣ್ಣನ ಕೈಯ ಪಕ್ಕದಲ್ಲೇ ಇರುತ್ತದೆ, ನೀರು ದಾರದ ಮಟ್ಟಕ್ಕಿರುವುದು ಕಾಣುತ್ತಲೇ ಇರುತ್ತದೆ. ಆದರೂ ಅವರು ಎದ್ದು, ಏದುಸಿರು ಬಿಡುತ್ತಾ ಅಡುಗೆಮನೆಗೆ ಹೋಗುತ್ತಾರೆ. ಅಕ್ಕನ ಬಲಗಡೆ ನಿಂತು, "ನೀರಿದೆಯೇನೇ?" ಎಂದು ಕೇಳುತ್ತಾರೆ.

"ಇದೆ, ಹಚ್ಚಿ" ಎಂದು ಅಕ್ಕ ಹೇಳಿದ ಮೇಲೆಯೇ ಬಂದು ಕಡ್ಡಿ ಗೀರುತ್ತಾರೆ.