ನಿಂತೇ ಇರಬೇಕಾದ ಕಡಲು

ನಮ್ಮ ಟೀಚರ ಬಲಗೈ ಉಗುರುಗಳ ಸಂದಿಯಲ್ಲಿ ಯಾವಾಗಲೂ ಕಪ್ಪು ಬಣ್ಣ ಮೆತ್ತಿಕೊಂಡಿರುತ್ತಿತ್ತು. ಮದುವೆ ಊಟಕ್ಕೆ ಕೂತರೂ ಅದೇ ಕೈ. ಪಕ್ಕದವರು ಮುಖ ಸಿಂಡರಿಸಿದರೆ, "ಕಡ್ಲಡಿ ಬಣ್ಣ ಅದ್, ತೊಳ್ದ್ರೆ ಹೋಪುದಲ್ಲ" ಎಂದು ಹೇಳಿ ಸಾರು ಕಲಸುತ್ತಿದ್ದರು.

ಅವರು ಕಾಲೇಜಿನಲ್ಲಿ ನನಗೆ ಜೀವಶಾಸ್ತ್ರ ಕಲಿಸಿದವರು. ಅದಕ್ಕೂ ಮೊದಲು, ಪ್ರಾಯದಲ್ಲಿ, ಸಂಶೋಧನೆಯ ಹಡಗೊಂದರಲ್ಲಿ ಭಾರತ ಮಹಾಸಾಗರದ ನಡುವಿಗೆ ಹೋಗಿ ಬಂದಿದ್ದರು. ತಳದಿಂದ ಯಂತ್ರ ಎತ್ತಿ ತಂದ ಕೆಸರಿಗೆ ಕೈ ಹಾಕಿದರೆ ಮಂಜುಗಡ್ಡೆಯಷ್ಟು ತಣ್ಣಗೆ. ಅದರೊಳಗೆ ಬಟಾಟೆಯಂಥ ಕರಿಕಲ್ಲು, ಕಲ್ಲಿಗೆ ಅಂಟಿಕೊಂಡು ಒಂದು ಪುಟ್ಟ ಜೀವ. ಈ ಕಥೆಯನ್ನು ಪ್ರತಿ ವರ್ಷದ ಮಕ್ಕಳಿಗೂ ಹೇಳುತ್ತಿದ್ದರು, ಹೇಳುವಾಗಲೆಲ್ಲ ತಾವೇ ಮೊದಲು ಬೆರಗಾಗುತ್ತಿದ್ದರು.

ನಿವೃತ್ತರಾಗಿ ಬೈಂದೂರಿನಲ್ಲಿ ನೆಲೆಸಿದ ಮೇಲೆ, ಆ ಕರಿಕಲ್ಲುಗಳನ್ನೇ ಲೋಹಕ್ಕಾಗಿ ಬಾಚಿ ತರುವ ಸುದ್ದಿ ಪೇಪರಿನಲ್ಲಿ ಬರತೊಡಗಿತು. ಅಲ್ಲಿರುವುದು ಬರೀ ಕೆಸರು, ಯಾರಿಗೂ ನಷ್ಟವಿಲ್ಲ ಎಂದು ದೊಡ್ಡವರು ಅಪ್ಪಣೆ ಕೊಡಿಸುತ್ತಿದ್ದರು. ಅದನ್ನು ಓದಿದ ದಿನವೇ ಟೀಚರು ಕೋರಾ ಬಟ್ಟೆ ತಂದು, ಉದ್ದಕ್ಕೆ ಜೋಡಿಸಿ ಹೊಲಿದು, ಅದರ ಮೇಲೆ ಕಡಲಿನ ಚಿತ್ರ ಬರೆಯಲು ಕೂತರು. ಹೇಳಿದರೆ ಕೇಳದವರಿಗೆ ಕಣ್ಣಿಗೇ ತೋರಿಸಿಬಿಡಬೇಕು ಎಂಬ ಹಟ.

ಕುಂದಾಪುರದಲ್ಲಿ ನನ್ನದು ಫ್ಲೆಕ್ಸ್ ಅಂಗಡಿ. ಒಂದೇ ದಿನದಲ್ಲಿ ಪ್ರಿಂಟ್ ಹಾಕಿ ಕೊಡುತ್ತೇನೆ ಅಂದದ್ದಕ್ಕೆ ಬೈಸಿಕೊಂಡೆ. "ನಿನ್ನ್ ಪ್ಲಾಸ್ಟಿಕ್ ಕಡಿಗೆ ಹೋಪುದ್ ಎಲ್ಲಿಗೆ? ಕಡ್ಲಿಗೇ ಅಲ್ದಾ?"

ಚಿತ್ರ ಮುಗಿದಾಗ ಮೂರು ಮಹಡಿಯಷ್ಟು ಎತ್ತರವಿತ್ತು. ಮೇಲಿನ ಒಂದು ಗೇಣು ಮಾತ್ರ ತಿಳಿನೀಲಿ. ನಮ್ಮ ಬೋಟು, ಬಲೆ, ಬಂಗುಡೆ, ಬೂತಾಯಿ ಎಲ್ಲ ಅಷ್ಟರಲ್ಲೇ ಮುಗಿಯಿತು. ಅಲ್ಲಿಂದ ಕೆಳಗೆ ಬೆಳಕು ಕುಂದುತ್ತ ಕುಂದುತ್ತ ಕಗ್ಗತ್ತಲು, ಕತ್ತಲಲ್ಲಿ ತಾವೇ ಮಿನುಗುವ ಮೀನುಗಳು. ತೀರಾ ಬುಡದಲ್ಲಿ ಆ ಕಲ್ಲುಗಳು ಮತ್ತು ಅವನ್ನೇ ಮನೆ ಮಾಡಿಕೊಂಡ ಜೀವಗಳು. ನೋಡುವವರು ಬುಡದಲ್ಲಿ ನಿಂತು ಕತ್ತೆತ್ತಬೇಕು. ಚಿತ್ರ ನಿಂತೇ ಇರಬೇಕು ಎನ್ನುವುದು ಟೀಚರ ಒಂದೇ ಷರತ್ತು.

ಮೊದಲು ಬಂದರಿನ ಐಸ್ ಫ್ಯಾಕ್ಟರಿಯ ಗೋಡೆಗೆ ಇಳಿಬಿಟ್ಟೆವು. ಮೀನು ಆರಿಸುತ್ತಿದ್ದ ಹೆಂಗಸರು ಎದ್ದು ಬಂದರು. ಅಷ್ಟು ಮೇಲಿರುವ ಚೂರು ನೀಲಿಯೇ ನಮ್ಮ ಕಡಲು ಎಂದು ತಿಳಿದ ಮೇಲೆ ಒಬ್ಬಾಕೆ ಕೇಳಿದಳು: "ಹಾಂಗಾರೆ ಅಡಿಯಂಗೆ ಇಪ್ಪುವಕ್ಕೆ ಯಾರ್ ದಿಕ್ಕ್ ಟೀಚರ್ರೆ?" ಟೀಚರು ಅವಳ ಕೈ ಹಿಡಿದುಕೊಂಡರು.

ಆಮೇಲೆ ಕುಂದಾಪುರದ ಸಭಾಭವನವೊಂದರಲ್ಲಿ ಸಮುದ್ರ ಸಂಪತ್ತಿನ ಬಗ್ಗೆ ಗೋಷ್ಠಿ. ಅಧಿಕಾರಿಗಳು, ಜನಪ್ರತಿನಿಧಿಗಳು ಬರುವವರಿದ್ದರು. ಚಿತ್ರ ಬೇಕೆಂದು ಕೇಳಿ ಒಯ್ದರು. ಯಾರಿಗಾಗಿ ಬರೆದಿದ್ದರೋ ಅವರೇ ಕರೆದಿದ್ದಾರೆಂದು ಟೀಚರು ಹೊಸ ಸೀರೆ ಉಟ್ಟು ಬಂದಿದ್ದರು. ಒಳಗೆ ಹೋಗಿ ನೋಡಿದರೆ ನನ್ನ ಮೈಯೆಲ್ಲ ಉರಿದುಹೋಯಿತು. ಚಾವಣಿ ತಗ್ಗು ಎಂದು ಚಿತ್ರವನ್ನು ಅಡ್ಡಡ್ಡ ಎಳೆದು ವೇದಿಕೆಯ ಹಿಂದೆ ಪರದೆಯ ಹಾಗೆ ಕಟ್ಟಿದ್ದರು. ನಡುಮಧ್ಯೆ, ಮಿನುಗುವ ಮೀನುಗಳ ಮೇಲೆಯೇ, ನಗುವ ಗಣ್ಯರ ಫ್ಲೆಕ್ಸ್. ನನ್ನ ಅಂಗಡಿಯದಲ್ಲ, ಸದ್ಯ. ಸಂಘಟಕ ಓಡಿ ಬಂದು, ಸ್ಟೇಜಿಗೆ ಭಾರಿ ಲಾಯ್ಕ್ ಕಾಣ್ತದೆ ಎಂದು ನಮ್ಮನ್ನೇ ಹೊಗಳಿದ.

ಹಾರ ಹಾಕಿಸಿಕೊಂಡ ಮುಖ್ಯ ಅತಿಥಿ ಚಿತ್ರಕ್ಕೆ ಬೆನ್ನು ಹಾಕಿ ನಿಂತು, ತಳದಲ್ಲಿ ಏನೂ ಇಲ್ಲ, ಖಜಾನೆಯೊಂದು ನಮಗಾಗಿ ಕಾದು ಬಿದ್ದಿದೆ ಎಂದ. ಟೀಚರು ಎದ್ದರು, ಮೆಟ್ಟಿಲು ಹತ್ತಿ ಒಂದು ತುದಿಯ ಹಗ್ಗ ಬಿಚ್ಚತೊಡಗಿದರು. ನಾನು ಇನ್ನೊಂದು ತುದಿಗೆ ಹೋದೆ. ಫ್ಲೆಕ್ಸ್ ಧೊಪ್ಪನೆ ಬಿತ್ತು. ಟೀಚರು ಕೂಗಾಡಲಿಲ್ಲ.

"ನೀವ್ ಕಡ್ಲನ್ನ ಮಲ್ಗ್ಸಿ ಇಟ್ಟಿದ್ರಿ. ಮಲ್ಗಿದ್ ಕಡ್ಲಿಗೆ ಆಳ ಇಲ್ಲ. ಹೊರ್ಗೆ ಬನ್ನಿ, ನಿಲ್ಸಿ ತೋರಸ್ತೆ."

ಎದುರಿನ ಲಾಡ್ಜಿನ ತಾರಸಿಯಿಂದ ಇಳಿಬಿಟ್ಟೆವು. ಬಸ್ಸಿಗೆ ಕಾಯುತ್ತಿದ್ದವರು ಬಂದು ಕತ್ತೆತ್ತಿ ನೋಡಿದರು, ಕೆಲವರು ಬಸ್ಸನ್ನೇ ಬಿಟ್ಟರು. ಸಭೆಯಿಂದ ಒಂದು ನರಪಿಳ್ಳೆಯೂ ಹೊರಗೆ ಬರಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಕಿವಿಯನ್ನಾದರೂ ಆಡಿಸುತ್ತದೆ. ಇವರು ಊಟಕ್ಕೆ ಕೂತಿದ್ದರು.

ಕಳೆದ ಮಳೆಗಾಲ ಟೀಚರು ತೀರಿಕೊಂಡರು. ಚಿತ್ರವನ್ನು ನನಗೆ ಒಪ್ಪಿಸಿ ಹೋದರು. ಯಾರದೋ ಮುಖ ದೊಡ್ಡದು ಮಾಡುತ್ತಲೇ ಬದುಕಿದ ನನಗೆ, ಬುಡದಲ್ಲಿ ನಿಂತು ನೋಡುವುದನ್ನು ಕಲಿಸಿದವರು ಅವರು. ಆ ಋಣ ತೀರುವಂಥದ್ದಲ್ಲ.

ಮೊನ್ನೆ ಅದೇ ಸಂಘಟಕನ ಫೋನು. ಹೊಸ ಕಚೇರಿಯ ಗೋಡೆಗೆ, ಟೀಚರ ನೆನಪಿಗೆ, ಚಿತ್ರ ಬೇಕಂತೆ. ಕೊನೆಗೂ ಬುದ್ಧಿ ಬಂತಲ್ಲ ಎಂದುಕೊಂಡು ಚಿತ್ರದ ಸುರುಳಿ ತೆಗೆಯಲು ಎದ್ದೆ. ಆಗ ಅವನೆಂದ: "ಪೂರ್ತಿ ಬೇಡ ಮಾರಾಯ್ರೆ, ಕಪ್ಪ್ ಲಾಯ್ಕ್ ಕಾಂತಿಲ್ಲ. ಮೇಲಿನ್ ನೀಲಿ ಒಂದ್ ಕತ್ರ್ಸಿ ಕೊಡಿ, ಫ್ರೇಮ್ ಹಾಕ್ಸುವ."

ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಇಲ್ಲಿ ಬರೆಯುವಂಥದ್ದಲ್ಲ. ಫೋನಿಟ್ಟು, ಅಂಗಡಿಗೆ ಬೀಗ ಹಾಕಿ, ಬಂದರಿಗೆ ಹೋಗಿ ಐಸ್ ಫ್ಯಾಕ್ಟರಿಯ ಗೋಡೆಗೆ ಅದನ್ನು ಮತ್ತೆ ಇಳಿಬಿಟ್ಟೆ, ಪೂರ್ತಿ, ಬುಡ ನೆಲ ಮುಟ್ಟುವ ತನಕ.